ಬಿಳಿಗಿರಿಯಲ್ಲೊಂದು ಮುಂಜಾನೆ

ಯಳಂದೂರಿನ ಬಯಲಿನಲ್ಲಿ ನಿಂತು ಪೂರ್ವ ದಿಕ್ಕಿಗೆ ನೋಡಿದರೆ ಆಕಾಶದ ಅಂಚಿನಲ್ಲಿ ನೀಲಿಯ ಬೆಟ್ಟಗಳ ಸಾಲೊಂದು ಕಾಣುತ್ತದೆ. ಅದರ ನಡುವೆ ಬೆಳ್ಳಗೆ ಹೊಳೆಯುವ ಕಡಿದಾದ ಬಂಡೆಯೊಂದಿದೆ. ಆ ಬಂಡೆಯ ನೆತ್ತಿಯಲ್ಲಿ ರಂಗನಾಥಸ್ವಾಮಿಯ ಗುಡಿ. ಬಿಳಿಗಿರಿರಂಗನ ಬೆಟ್ಟವೆಂಬ ಹೆಸರು ಬಂದದ್ದು ಈ ಬಂಡೆಯಿಂದಲೇ. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳೆರಡಕ್ಕೂ ಸೇತುವೆಯಂತೆ ಹಬ್ಬಿರುವ ಈ ಗಿರಿಶ್ರೇಣಿಯ ಎತ್ತರದ ಶಿಖರಗಳು ಸಮುದ್ರಮಟ್ಟದಿಂದ ಸುಮಾರು 1,800 ಮೀಟರುಗಳವರೆಗೆ ಏರಿವೆ. ತಪ್ಪಲಿನಲ್ಲಿ ಮುಳ್ಳುಪೊದೆಗಳ ಕುರುಚಲು ಕಾಡು. ಮೇಲೇರಿದಂತೆ ಎಲೆಯುದುರುವ ಕಾಡು. ಕಣಿವೆಗಳಲ್ಲಿ ನಿತ್ಯಹರಿದ್ವರ್ಣದ ಕಾಡು. ನೆತ್ತಿಯಲ್ಲಿ ಹುಲ್ಲುಗಾವಲು ಮತ್ತು ಶೋಲಾ. ಒಂದೇ ಬೆಟ್ಟದಲ್ಲಿ ಇಷ್ಟು ಬಗೆಯ ಕಾಡುಗಳಿರುವುದರಿಂದ ಇಲ್ಲಿ ಇನ್ನೂರೈವತ್ತಕ್ಕೂ ಮಿಕ್ಕಿದ ಜಾತಿಯ ಹಕ್ಕಿಗಳು ಕಾಣಸಿಗುತ್ತವೆ.

ಡಿಸೆಂಬರ್ ತಿಂಗಳ ಒಂದು ಮುಂಜಾನೆ ಈ ಬೆಟ್ಟದ ಮೇಲೆ ಹನ್ನೆರಡು ಮಂದಿ ವಿದ್ಯಾರ್ಥಿಗಳು ತಮ್ಮ ವಿಜ್ಞಾನದ ಮೇಷ್ಟರೊಡನೆ ನಿಂತಿದ್ದರು. ಅರಣ್ಯ ಇಲಾಖೆಯ ಅನುಮತಿ ದೊರೆತಿತ್ತು. ದಾರಿ ತೋರಲು ಸೋಲಿಗರ ಹಿರಿಯರೊಬ್ಬರು ಬಂದಿದ್ದರು. ಗಂಟೆ ಇನ್ನೂ ಆರು ಆಗಿರಲಿಲ್ಲ. ಮಂಜು ಮರಗಳ ಕೊಂಬೆಗಳಿಂದ ತೊಟ್ಟಿಕ್ಕುತ್ತಿತ್ತು. ಚಳಿಗೆ ಹಲ್ಲುಗಳು ಕಟಕಟಿಸುತ್ತಿದ್ದರೂ ಯಾರೂ ಮಾತನಾಡುತ್ತಿರಲಿಲ್ಲ. ಹಿಂದಿನ ರಾತ್ರಿಯೇ ಮೇಷ್ಟರು ನಿಯಮಗಳನ್ನು ತಿಳಿಸಿದ್ದರು. ಕೆಂಪು, ಬಿಳಿ ಮೊದಲಾದ ಎದ್ದು ಕಾಣುವ ಬಟ್ಟೆ ತೊಡಬಾರದು. ಕೈಬೀಸಿ ತೋರಿಸಬಾರದು. ಗೂಡು ಕಂಡರೆ ಹತ್ತಿರ ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾದ ನಿಯಮ ದಾಖಲೆ ಪುಸ್ತಕಕ್ಕೆ ಸಂಬಂಧಿಸಿದ್ದು. ಆ ಪುಸ್ತಕದಲ್ಲಿ ಗಂಟೆ, ಸ್ಥಳ, ಹಕ್ಕಿಯ ಹೆಸರು, ಎಷ್ಟು ಹಕ್ಕಿಗಳು, ಏನು ಮಾಡುತ್ತಿದ್ದವು, ಕಂಡವರು ಯಾರು ಎಂಬ ಕಲಮುಗಳಿದ್ದವು. ನಿಸ್ಸಂದೇಹವಾಗಿ ಕಂಡದ್ದು, ಕೇಳಿದ್ದು ಮಾತ್ರ ಅಲ್ಲಿ ಸೇರಬೇಕು. ಸಂದೇಹವಿದ್ದುದಕ್ಕೆ ಕೊನೆಯ ಪುಟಗಳಲ್ಲಿ ಬೇರೆ ಜಾಗವಿತ್ತು.

ಪುಸ್ತಕವನ್ನು ಹಿಡಿಯುವ ಭಾಗ್ಯ ಒಬ್ಬ ಹುಡುಗನಿಗೆ ದೊರೆತಿತ್ತು. ಅವನ ಮನಸ್ಸಿನಲ್ಲಿ ಒಂದು ಸಂಖ್ಯೆ ಕುಳಿತಿತ್ತು: ನಲವತ್ತಮೂರು. ಹಿಂದಿನ ವರ್ಷ ಇದೇ ದಾರಿಯಲ್ಲಿ ನಡೆದ ಒಂಬತ್ತನೆಯ ತರಗತಿಯವರು ಅಷ್ಟು ಜಾತಿಯ ಹಕ್ಕಿಗಳನ್ನು ಕಂಡಿದ್ದರು. ಶಾಲೆಯ ಫಲಕದ ಮೇಲೆ ಆ ಸಂಖ್ಯೆ ವರ್ಷವಿಡೀ ಇತ್ತು. ಈ ವರ್ಷ ಅದನ್ನು ಮೀರಿಸಬೇಕೆಂಬುದು ಅವನ ಛಲ.

ಬೆಳಕು ಹರಿಯುವ ಮೊದಲೇ ಪುಸ್ತಕದ ಮೊದಲ ಸಾಲು ತುಂಬಿತು. ಕಣಿವೆಯಿಂದ ಬೂದು ಕಾಡುಕೋಳಿಯ ಕೂಗು ಏರಿಬಂತು. ಅದರ ಬೆನ್ನಿಗೇ ಹಳ್ಳದ ಕಡೆಯಿಂದ ಕಿವಿಯನ್ನು ಚುಚ್ಚುವಂತಹ ತೀಕ್ಷ್ಣವಾದ ದನಿಯೊಂದು ಕೇಳಿಸಿತು. "ಅದು ಸಿಳ್ಳಾರ. ಮಳೆಗಾಲದಲ್ಲಿ ಬಂದಿದ್ದರೆ ಹುಡುಗನೊಬ್ಬ ಗೊತ್ತುಗುರಿಯಿಲ್ಲದೆ ಸಿಳ್ಳು ಹಾಕುತ್ತ ನಡೆದಂತೆ ಅದರ ಹಾಡು ಕೇಳುತ್ತಿತ್ತು. ಚಳಿಗಾಲದಲ್ಲಿ ಅದು ಹೆಚ್ಚು ಹಾಡುವುದಿಲ್ಲ" ಎಂದು ಮೇಷ್ಟರು ಪಿಸುಗುಟ್ಟಿದರು. ಮರದ ತುದಿಯಿಂದ ಕುಟ್ರು ಹಕ್ಕಿ ಕುಟ್ರೂ ಕುಟ್ರೂ ಎಂದು ಎಡೆಬಿಡದೆ ಕೂಗತೊಡಗಿತು. ತನ್ನ ಕೂಗನ್ನೇ ತನ್ನ ಹೆಸರಾಗಿ ಪಡೆದ ಹಕ್ಕಿ ಅದು.

ಹಕ್ಕಿಗಳನ್ನು ನೋಡಲು ಬೆಳಗಿನ ಹೊತ್ತೇ ಏಕೆ ಶ್ರೇಷ್ಠ? ಹಕ್ಕಿಯ ಮೈ ನಮ್ಮ ಮೈಗಿಂತ ಹೆಚ್ಚು ಬಿಸಿಯಾದದ್ದು. ಆದರೆ ಅದರ ಗಾತ್ರ ಚಿಕ್ಕದು. ಚಿಕ್ಕ ಪಾತ್ರೆಯ ನೀರು ಬೇಗ ಆರುವಂತೆ ಚಿಕ್ಕ ಮೈಯ ಬಿಸಿಯೂ ಬೇಗ ಸೋರಿಹೋಗುತ್ತದೆ. ಚಳಿಯ ದೀರ್ಘ ರಾತ್ರಿಯನ್ನು ಅದು ಹಿಂದಿನ ದಿನ ಕೂಡಿಟ್ಟುಕೊಂಡ ಕೊಬ್ಬನ್ನು ಉರಿಸಿಯೇ ಕಳೆಯಬೇಕು. ಆದ್ದರಿಂದ ಬೆಳಗಾಗುತ್ತಲೇ ಅದಕ್ಕೆ ಆಹಾರ ಬೇಕೇ ಬೇಕು. ಎಳೆಬಿಸಿಲು ಬಿದ್ದ ಕೊಂಬೆಗಳಲ್ಲಿ ಹುಳುಗಳು ಚಲಿಸತೊಡಗಿದಾಗ ಹಕ್ಕಿಗಳೂ ಅಲ್ಲಿ ನೆರೆಯುತ್ತವೆ. ಗಾಳಿ ಇನ್ನೂ ಎದ್ದಿರುವುದಿಲ್ಲವಾಗಿ ಅವುಗಳ ದನಿಯೂ ದೂರದವರೆಗೆ ಸ್ಪಷ್ಟವಾಗಿ ಕೇಳುತ್ತದೆ.

ಕಾಡಿನ ದಾರಿಯಲ್ಲಿ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮುಂದಿದ್ದ ಹಿರಿಯರು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. ದಾರಿಯ ನಡುವೆ ಆನೆಯ ಲದ್ದಿ ಬಿದ್ದಿತ್ತು. ಅವರು ಬಗ್ಗಿ ಅದನ್ನು ಕೈಯಿಂದ ಮುಟ್ಟಿದರು. ಪಕ್ಕದ ಹುಲ್ಲನ್ನು ನೋಡಿದರು. ಹೆಜ್ಜೆಯ ಗುರುತುಗಳ ಜಾಡಿನಲ್ಲಿ ಹತ್ತು ಮಾರು ಹೋಗಿ ಹಿಂದಿರುಗಿದರು.

"ರಾತ್ರಿ ದಾಟಿ ಕೆಳಗಿಳಿದಿದೆ. ಭಯವಿಲ್ಲ, ನಡೀರಿ" ಎಂದರು.

"ತಾತ, ದೂರದಿಂದಲೇ ನಿಮಗೆ ತಿಳಿಯುತ್ತಿರಲಿಲ್ಲವೇ?" ಎಂದು ಒಬ್ಬ ಹುಡುಗಿ ಕೇಳಿದಳು.

"ತಿಳಿದಂಗೆ ಅನಿಸ್ತದೆ ಮಗಾ. ಆದರೆ ಮುಟ್ಟಿ ನೋಡದೆ ಹೇಳಬಾರದು. ನನ್ನ ಮಾತು ನಂಬಿ ಹಿಂದೆ ನೀವಿಷ್ಟು ಮಂದಿ ಬರ್ತೀರಿ" ಎಂದು ಹೇಳಿ ಅವರು ಮುಂದೆ ನಡೆದರು.

ಸೂರ್ಯ ಮೇಲೇರಿದಂತೆ ಮಂಜು ಕಣಿವೆಗಿಳಿಯಿತು. ಒಮ್ಮೆಲೇ ದಾರಿಯ ಎಡಬದಿಯ ಮರಗಳು ಜೀವ ತಳೆದಂತೆ ಕಂಡವು. ಕೆಂಡದ ಬಣ್ಣದ ಚಿತ್ರಪಕ್ಷಿಯೊಂದು ಹೊಳೆದು ಮಾಯವಾಯಿತು. ಅದರ ಹಳದಿ ಬಣ್ಣದ ಹೆಣ್ಣು ಹಿಂದೆಯೇ ಹಾರಿತು. ಕೆಂಪು ಕೊಕ್ಕಿನ, ನೀಲಿ ಮೈಯ ಪುಟ್ಟ ಹಕ್ಕಿಯೊಂದು ಮರದ ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುತ್ತಿತ್ತು. ಮರಕುಟಿಗ ತೊಗಟೆಯನ್ನು ಬಡಿಯುತ್ತಿತ್ತು. ಇವುಗಳ ನಡುವೆ, ಬಾಲದ ತುದಿಯಲ್ಲಿ ಎರಡು ಉದ್ದನೆಯ ತಂತಿಗಳಿಗೆ ಗರಿಯ ಬಿಲ್ಲೆಗಳನ್ನು ತೂಗಿಬಿಟ್ಟಂತಿದ್ದ ಕಪ್ಪು ಹಕ್ಕಿ ಗಂಭೀರವಾಗಿ ಕುಳಿತಿತ್ತು. ಅದೇ ಭೀಮರಾಜ.

ಹೀಗೆ ಹಲವು ಜಾತಿಯ ಹಕ್ಕಿಗಳು ಒಟ್ಟಾಗಿ ಬೇಟೆಯಾಡುತ್ತ ಸಾಗುವುದು ನಮ್ಮ ಕಾಡುಗಳಲ್ಲಿ ಸಾಮಾನ್ಯವಾದ ದೃಶ್ಯ. ಒಂದು ಎಲೆಗಳನ್ನು ಶೋಧಿಸಿದರೆ ಇನ್ನೊಂದು ತೊಗಟೆಯನ್ನು ಶೋಧಿಸುತ್ತದೆ. ಮತ್ತೊಂದು ಇವುಗಳ ಗದ್ದಲಕ್ಕೆ ಹೆದರಿ ಹಾರಿದ ಕೀಟಗಳನ್ನು ಗಾಳಿಯಲ್ಲಿಯೇ ಹಿಡಿಯುತ್ತದೆ. ಗಿಡುಗ ಎರಗಿದರೆ ನೋಡಿ ಎಚ್ಚರಿಸಲು ಅನೇಕ ಕಣ್ಣುಗಳಿರುತ್ತವೆ. ಭೀಮರಾಜ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ನಿಪುಣ. ಅದರ ಅನುಕರಣೆ ಇತರ ಹಕ್ಕಿಗಳನ್ನು ಗುಂಪಿನತ್ತ ಸೆಳೆಯುತ್ತದೆಂಬುದನ್ನು ಶ್ರೀಲಂಕೆಯ ಮಳೆಕಾಡುಗಳಲ್ಲಿ ಸಂಶೋಧಕರು ಕಂಡುಕೊಂಡಿದ್ದಾರೆ. ಹುಡುಗನ ಲೇಖನಿ ಓಡುತ್ತಲೇ ಇತ್ತು. ಹಕ್ಕಿಗಳ ಮೆರವಣಿಗೆ ಮುಗಿದಾಗ ಸಂಖ್ಯೆ ಇಪ್ಪತ್ತೊಂಬತ್ತಕ್ಕೆ ಏರಿತ್ತು.

ಅದೇ ಗುಂಪಿನಲ್ಲಿ ಎಲೆಯ ಬಣ್ಣದ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಉಲಿಯಕ್ಕಿಯೊಂದಿತ್ತು. ಅದರ ತೂಕ ಹತ್ತು ಗ್ರಾಮಿಗಿಂತಲೂ ಕಡಿಮೆ. ಬೇಸಗೆಯಲ್ಲಿ ಹಿಮಾಲಯದಲ್ಲಿ ಮತ್ತು ಅದರಾಚೆಯ ಉತ್ತರದ ಕಾಡುಗಳಲ್ಲಿ ಮರಿಮಾಡುವ ಈ ಹಕ್ಕಿ ಚಳಿಗಾಲವನ್ನು ದಕ್ಷಿಣದ ಕಾಡುಗಳಲ್ಲಿ ಕಳೆಯುತ್ತದೆ. ಮುಂದೆ ಹಳ್ಳದ ಬಂಡೆಯ ಮೇಲೆ ಹಳದಿ ಹೊಟ್ಟೆಯ ಸಿಪಿಲೆಯೊಂದು ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುತ್ತಿತ್ತು. ಅದೂ ಉತ್ತರದ ಅತಿಥಿಯೇ. ಸೆಪ್ಟೆಂಬರಿನ ಹೊತ್ತಿಗೆ ಬಂದು ಬೇಸಗೆ ಬಲಿಯುವ ಮುನ್ನ ಹಿಂದಿರುಗುತ್ತದೆ.

"ಇವು ಅಷ್ಟು ದೂರದಿಂದ ಬರುತ್ತವೆಂದು ತಿಳಿದದ್ದು ಹೇಗೆ ಮೇಷ್ಟ್ರೇ?" ಎಂಬ ಪ್ರಶ್ನೆ ಬಂತು.

ಮೇಷ್ಟರು ಹಳ್ಳದ ದಂಡೆಯ ಮೇಲೆ ಕುಳಿತು ವಿವರಿಸಿದರು. ಹಕ್ಕಿಯನ್ನು ಬಲೆಯಲ್ಲಿ ನೋವಾಗದಂತೆ ಹಿಡಿದು ಕಾಲಿಗೆ ಹಗುರವಾದ ಲೋಹದ ಉಂಗುರವನ್ನು ತೊಡಿಸಿ ಬಿಡುತ್ತಾರೆ. ಉಂಗುರದ ಮೇಲೆ ಒಂದು ಸಂಖ್ಯೆಯೂ ಸಂಸ್ಥೆಯ ಹೆಸರೂ ಇರುತ್ತವೆ. ಆ ಹಕ್ಕಿ ಬೇರೆಲ್ಲಿಯಾದರೂ ಸಿಕ್ಕರೆ, ಕಂಡವರು ತಿಳಿಸಿದಾಗ ಅದರ ದಾರಿ ಗೊತ್ತಾಗುತ್ತದೆ. ಭಾರತದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಲು ಕರ್ನಾಟಕದ ಒಂದು ಘಟನೆಯೂ ಕಾರಣವಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜನರಿಗೂ ತೀವ್ರವಾದ ಜ್ವರ ಬಂತು. ಅದೇ ಮಂಗನ ಕಾಯಿಲೆ. ಅದರ ವೈರಾಣು ರಷ್ಯಾದ ಒಂದು ರೋಗದ ವೈರಾಣುವನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳೇ ಅದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಮುಂಬಯಿಯ ನಿಸರ್ಗ ಇತಿಹಾಸ ಸಂಘವು ಸಾಲಿಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆಯನ್ನು ಆರಂಭಿಸಿತು. ಹಕ್ಕಿಗಳ ಮೇಲಿನ ಆ ಆರೋಪಕ್ಕೆ ಆಧಾರ ದೊರೆಯಲಿಲ್ಲ. ರೋಗವನ್ನು ಹರಡುತ್ತಿದ್ದುದು ಅಲ್ಲಿಯ ಕಾಡಿನ ಉಣ್ಣೆಗಳು. ಆದರೆ ಆ ಯೋಜನೆಯಿಂದ ಹಕ್ಕಿಗಳ ವಲಸೆಯ ಬಗೆಗೆ ಅಪಾರವಾದ ತಿಳಿವಳಿಕೆ ಲಭಿಸಿತು.

ಹಳ್ಳವನ್ನು ದಾಟಿ ಮೇಲೇರಿದಾಗ ನೆಲ್ಲಿಯ ಮರವೊಂದು ಎದುರಾಯಿತು. ಅದರ ಕೊಂಬೆಗಳ ಮೇಲೆ ಬೇರೊಂದು ಗಿಡ ಗುಂಪುಗುಂಪಾಗಿ ಬೆಳೆದಿತ್ತು. ಅದು ಬದನಿಕೆ; ಬಂದಳಿಕೆಯೆಂದೂ ಕರೆಯುತ್ತಾರೆ. ಅದರ ಸುತ್ತ ಟಿಕ್ ಟಿಕ್ ಎನ್ನುತ್ತ ಹಾರಾಡುತ್ತಿದ್ದ ಪುಟ್ಟ ಹಕ್ಕಿಗೂ ಬದನಿಕೆಯೆಂದೇ ಹೆಸರು. ಭಾರತದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದಾದ ಇದು ಬದನಿಕೆಯ ಹಣ್ಣನ್ನು ಇಡಿಯಾಗಿ ನುಂಗುತ್ತದೆ. ಅಂಟಿನಿಂದ ಕೂಡಿದ ಬೀಜವು ಹಕ್ಕಿಯ ಹಿಕ್ಕೆಯೊಡನೆ ಹೊರಬಂದು ಕೊಂಬೆಗೆ ಅಂಟಿಕೊಂಡು ಅಲ್ಲಿಯೇ ಬೇರೂರುತ್ತದೆ. ಕಾಡಿನ ಈ ನಂಟನ್ನು ಕನ್ನಡಿಗರು ಎಂದೋ ಗಮನಿಸಿ ಗಿಡಕ್ಕೂ ಹಕ್ಕಿಗೂ ಒಂದೇ ಹೆಸರಿಟ್ಟಿದ್ದಾರೆ.

ಹಿರಿಯರು ಆ ಮರವನ್ನು ದಿಟ್ಟಿಸಿ ನೋಡಿ ಹೇಳಿದರು: "ಹಿಂದೆ ನಮ್ಮೋರು ಚಳಿಗಾಲ ಮುಗಿಯೋ ಹೊತ್ತಿಗೆ ತರಗಿಗೆ ಸಣ್ಣ ಬೆಂಕಿ ಹಾಕ್ತಿದ್ದರು. ನೆಲದ ಮೇಲಷ್ಟೇ ಓಡೋ ಬೆಂಕಿ. ಬದನಿಕೆ ಹತೋಟೀಲಿತ್ತು, ಈ ಲಂಟಾನವೂ ಇಷ್ಟು ಇರಲಿಲ್ಲ. ಈಗ ಅದು ಆಳೆತ್ತರ ಬೆಳೆದು ಒಣಗಿ ನಿಂತಿದೆ. ಬೆಂಕಿ ಬಿದ್ದರೆ ಮರದ ತುದಿಗೇ ಏರ್ತದೆ." 1974ರಲ್ಲಿ ಈ ಬೆಟ್ಟದ ಕಾಡು ವನ್ಯಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಕಾಡಿನ ಮೇಲಿನ ಸಮುದಾಯದ ಹಕ್ಕುಗಳು ಕಾನೂನಿನಂತೆ ಮಾನ್ಯವಾದವು. ಕಾಡನ್ನು ಕಾಯುವ ವಿಧಾನವಾವುದು ಎಂಬ ಚರ್ಚೆಗೆ ಹಿರಿಯರ ಇಂತಹ ನೆನಪುಗಳೂ ಒಂದು ಬಗೆಯ ದಾಖಲೆಯೇ ಆಗಿವೆ.

ಗಂಟೆ ಒಂಬತ್ತಾಯಿತು. ಶೋಲಾ ಕಾಡಿನ ಅಂಚನ್ನು ತಲಪುವ ವೇಳೆಗೆ ಪುಸ್ತಕದಲ್ಲಿ ನಲವತ್ತೆರಡು ಹೆಸರುಗಳಿದ್ದವು. ಬಿಸಿಲೇರಿದಂತೆ ಹಕ್ಕಿಗಳ ದನಿ ಕುಗ್ಗತೊಡಗಿತು. ಅರ್ಧ ಗಂಟೆ ಕಳೆಯಿತು. ಹೊಸ ಹಕ್ಕಿ ಒಂದೂ ಕಾಣಲಿಲ್ಲ. ಹುಡುಗ ತಳಮಳದಿಂದ ಗುಂಪಿಗಿಂತ ನಾಲ್ಕು ಹೆಜ್ಜೆ ಮುಂದಿದ್ದನು. ಆಗ ಮಂಜು ಇನ್ನೂ ಕರಗದಿದ್ದ ಮರವೊಂದರಿಂದ ದೊಡ್ಡ ಪಾರಿವಾಳದಂತಹ ಹಕ್ಕಿಯೊಂದು ಪಟಪಟನೆ ರೆಕ್ಕೆ ಬಡಿದು ಹಾರಿ ಕಾಡಿನೊಳಗೆ ಮರೆಯಾಯಿತು. ಅವನ ಎದೆ ಹೊಡೆದುಕೊಂಡಿತು. ಪಶ್ಚಿಮ ಘಟ್ಟದ ಸಾಲಿನಲ್ಲಿ ಮಾತ್ರ ಬದುಕುವ ನೀಲಗಿರಿ ಕಾಡುಪಾರಿವಾಳದ ಚಿತ್ರವನ್ನು ಅವನು ಹಿಂದಿನ ದಿನವಷ್ಟೇ ನೋಡಿದ್ದನು. ಅದು ಅಪರೂಪದ ಹಕ್ಕಿ. ಹಿಂದಿನ ವರ್ಷದವರ ಪಟ್ಟಿಯಲ್ಲಿ ಅದಿರಲಿಲ್ಲ. ಅವನು ನಿಂತಲ್ಲಿಯೇ ಪುಸ್ತಕವನ್ನು ತೆರೆದು ನಲವತ್ತಮೂರನೆಯ ಸಾಲಿನಲ್ಲಿ ಆ ಹೆಸರನ್ನು ಶಾಯಿಯಿಂದ ಬರೆದುಬಿಟ್ಟನು.

ಹಿಂದೆ ಬರುತ್ತಿದ್ದ ಹುಡುಗಿ ಅದನ್ನು ನೋಡಿ, "ಕತ್ತಿನ ಮೇಲಿನ ಚೌಕುಳಿ ಗುರುತು ಕಂಡಿತೇ?" ಎಂದು ಕೇಳಿದಳು. ಆ ಪಾರಿವಾಳದ ಹಿಂಗತ್ತಿನಲ್ಲಿ ಚದುರಂಗದ ಮಣೆಯಂತಹ ಕಪ್ಪು ಬಿಳುಪಿನ ಗುರುತಿರುತ್ತದೆ. ಹುಡುಗ ಉತ್ತರ ಕೊಡಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ.

ಹುಲ್ಲುಗಾವಲಿನ ನೆತ್ತಿಯಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಕುಳಿತರು. ಕೆಳಗೆ ಕಾಡು ಅಲೆಅಲೆಯಾಗಿ ಹರಡಿತ್ತು. ಮೇಷ್ಟರು ಆ ಬೆಟ್ಟದ ಹಳೆಯ ಹಕ್ಕಿ ದಾಖಲೆಗಳ ಮಾತೆತ್ತಿದರು. 1939-40ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಸಾಲಿಂ ಅಲಿಯವರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಬಿಳಿಗಿರಿಯ ಕಾಡುಗಳೂ ಅದರಲ್ಲಿ ಸೇರಿದ್ದವು. ಈ ಬೆಟ್ಟದಲ್ಲಿ ಕಾಫಿ ತೋಟ ನಡೆಸುತ್ತಿದ್ದ ಆರ್. ಸಿ. ಮಾರಿಸ್ ಎಂಬವರೂ ಇಲ್ಲಿಯ ಪ್ರಾಣಿಪಕ್ಷಿಗಳ ಬಗೆಗೆ ಬರೆದಿಟ್ಟರು. ಇಂದು ಯಾವ ಹಕ್ಕಿ ಕಡಿಮೆಯಾಗಿದೆ, ಯಾವುದು ಹೆಚ್ಚಾಗಿದೆ ಎಂದು ತಿಳಿಯಬೇಕಾದರೆ ಅಂತಹ ಬರಹಗಳನ್ನೇ ನೋಡಬೇಕು.

"ಬರೆದವರೇ ಸುಳ್ಳು ಬರೆದಿದ್ದರೆ?" ಎಂದು ಒಬ್ಬನು ಕೇಳಿದನು.

"ಅಂತಹದೂ ನಡೆದಿದೆ" ಎಂದು ಮೇಷ್ಟರು ಕಥೆಯನ್ನು ಹೇಳಿದರು. ಮಧ್ಯ ಭಾರತದ ಕಾಡುಗಳಲ್ಲಿ ಒಂದು ಜಾತಿಯ ಕಿರುಗೂಬೆಯಿದೆ. 1873ರಲ್ಲಿ ಹ್ಯೂಮ್ ಎಂಬ ವಿದ್ವಾಂಸರು ಅದನ್ನು ಮೊದಲು ವರ್ಣಿಸಿದರು. 1884ರ ಅನಂತರ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ರಿಚರ್ಡ್ ಮೈನರ್ಟ್ಜ್‌ಹ್ಯಾಗನ್ ಎಂಬ ಇಂಗ್ಲಿಷ್ ಸೇನಾಧಿಕಾರಿ, 1914ರಲ್ಲಿ ಗುಜರಾತಿನಲ್ಲಿ ತಾನು ಈ ಗೂಬೆಯನ್ನು ಸಂಗ್ರಹಿಸಿದೆನೆಂದು ಚೀಟಿ ಬರೆದಿದ್ದನು. ಅವನು ಹೆಸರಾಂತ ಪಕ್ಷಿತಜ್ಞ. ಅವನ ಮಾತನ್ನು ಎಲ್ಲರೂ ನಂಬಿದರು. 1990ರ ದಶಕದಲ್ಲಿ ಪಮೇಲಾ ರಾಸ್ಮುಸೆನ್ ಮೊದಲಾದ ವಿಜ್ಞಾನಿಗಳು ಆ ಗೂಬೆಯ ತೊಗಲನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಅದು ವಸ್ತುಸಂಗ್ರಹಾಲಯದಿಂದ ಕದ್ದ ಹಳೆಯ ಮಾದರಿ. ಬೇರೊಬ್ಬರು ಹಿಂದೆ ಸಂಗ್ರಹಿಸಿದ್ದಕ್ಕೆ ಅವನು ಹೊಸ ಚೀಟಿ ಅಂಟಿಸಿದ್ದನು. ಸುಳ್ಳು ಚೀಟಿಯನ್ನು ಬದಿಗಿಟ್ಟು ಹತ್ತೊಂಬತ್ತನೆಯ ಶತಮಾನದ ನಿಜವಾದ ದಾಖಲೆಗಳ ಜಾಡಿನಲ್ಲಿ ಅವರು ಹುಡುಕಿ ಹೊರಟರು. 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ, ಬೆಳಗಿನ ಬಿಸಿಲಿನಲ್ಲಿ, ಆ ಗೂಬೆ ಜೀವಂತವಾಗಿ ಕುಳಿತಿತ್ತು. ನೂರ ಹದಿಮೂರು ವರ್ಷಗಳ ಅನಂತರ ಅದು ಮನುಷ್ಯರ ಕಣ್ಣಿಗೆ ಬಿದ್ದಿತ್ತು.

"ಹಕ್ಕಿ ಇಲ್ಲದ ಕಡೆ ಇದೆ ಎಂದು ಬರೆದರೆ, ಅದು ನಿಜವಾಗಿ ಇರುವ ಕಾಡನ್ನು ಯಾರೂ ನೋಡುವುದಿಲ್ಲ. ಆ ಕಾಡಿಗೆ ಕೊಡಲಿ ಬಿದ್ದರೆ ಕೇಳುವವರೂ ಇರುವುದಿಲ್ಲ" ಎಂದು ಮೇಷ್ಟರು ಮಾತು ಮುಗಿಸಿದರು. ಅವರು ಹುಡುಗನ ಕಡೆಗೆ ನೋಡಲಿಲ್ಲ. ಅವನು ಬರೆದುದು ಅವರಿಗೆ ತಿಳಿದೂ ಇರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಹುಡುಗನಿಗೆ ಯಾವ ಹಕ್ಕಿಯ ದನಿಯೂ ಕಿವಿಗೆ ಬೀಳಲಿಲ್ಲ. ತಾನು ಸುಳ್ಳು ಬರೆದಿಲ್ಲವೆಂದು ಅವನು ತನಗೆ ತಾನೇ ಹೇಳಿಕೊಂಡನು. ಅದು ಆ ಪಾರಿವಾಳವೇ ಆಗಿರಬಹುದಲ್ಲವೇ? ಆಗಿರಬಹುದು, ಆಗಿಲ್ಲದೆಯೂ ಇರಬಹುದು. ಕಂಡದ್ದು ಮಂಜಿನಲ್ಲಿ ಹಾರಿದ ಒಂದು ಬೆನ್ನು ಮಾತ್ರ. ಕತ್ತನ್ನು ಅವನು ನೋಡಿರಲಿಲ್ಲ. ಬೆಳಿಗ್ಗೆ ಆನೆಯ ಲದ್ದಿಯನ್ನು ಮುಟ್ಟಿ ನೋಡಿದ ಹಿರಿಯರ ಕೈ ಅವನ ಕಣ್ಣೆದುರಿಗೆ ಬಂತು. ಅಷ್ಟು ವರ್ಷ ಕಾಡಿನಲ್ಲಿ ಬಾಳಿದವರೂ ಮುಟ್ಟದೆ ಹೇಳಲಿಲ್ಲ.

ಬೆಳಿಗ್ಗೆ ಹೊರಟಿದ್ದ ಜಾಗವನ್ನು ತಲಪಿದಾಗ ಅವನು ಪುಸ್ತಕವನ್ನು ಮೇಷ್ಟರ ಮುಂದೆ ತೆರೆದು ಹಿಡಿದನು.

"ನಲವತ್ತಮೂರನೆಯದು ತಪ್ಪು, ಮೇಷ್ಟ್ರೇ. ನಾನು ಸರಿಯಾಗಿ ನೋಡಲಿಲ್ಲ. ಈ ಹಾಳೆಯನ್ನು ಹರಿದು ಬೇರೆ ಬರೆಯಲೇ?"

ಮೇಷ್ಟರು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದರು. "ಹಾಳೆ ಹರಿಯುವುದು ಬೇಡ, ಅಳಿಸುವುದೂ ಬೇಡ. ಓದಲು ಬರುವಂತೆ ಒಂದೇ ಗೆರೆ ಎಳೆ. ಪಕ್ಕದಲ್ಲಿ ಕಾರಣ ಬರೆದು ನಿನ್ನ ರುಜು ಹಾಕು. ನೀನು ಒಂದು ಹಕ್ಕಿಯನ್ನು ಕಂಡದ್ದು ನಿಜ ತಾನೇ? ಅದನ್ನು ಕಂಡಷ್ಟೇ ಕೊನೆಯ ಪುಟದಲ್ಲಿ ಬರೆ" ಎಂದರು.

ಹುಡುಗ ಗೆರೆಯೆಳೆದು ರುಜು ಹಾಕಿದನು. ಕೊನೆಯ ಪುಟದಲ್ಲಿ ಹೀಗೆ ಬರೆದನು: "ಬೆಳಿಗ್ಗೆ 9-30. ಶೋಲಾ ಕಾಡಿನ ಅಂಚು. ದೊಡ್ಡ ಪಾರಿವಾಳ ಒಂದು. ಬೆನ್ನು ಮಾತ್ರ ಕಂಡಿತು. ಜಾತಿ ತಿಳಿಯಲಿಲ್ಲ." ಆ ಸಾಲನ್ನು ಓದಿದ ಹುಡುಗಿ, "ಮುಂದಿನ ವರ್ಷ ಬರುವವರು ಆ ಮರದ ಬಳಿ ಕಾದು ನೋಡಬಹುದು" ಎಂದಳು.

ಸೋಮವಾರ ಶಾಲೆಯ ಫಲಕದ ಮೇಲೆ ಹಿಂದಿನ ವರ್ಷದ ನಲವತ್ತಮೂರರ ಕೆಳಗೆ ಈ ವರ್ಷದ ಸಂಖ್ಯೆಯನ್ನು ಬರೆಯಲಾಯಿತು. ಹತ್ತನೆಯ ತರಗತಿಯ ಕೆಲವರು ಅದನ್ನು ನೋಡಿ ನಕ್ಕರು. ಸೀಮೆಸುಣ್ಣ ಹಿಡಿದು ಅದನ್ನು ಬರೆದವನು ಅದೇ ಹುಡುಗ. ಅವನು ಬರೆದ ಸಂಖ್ಯೆ ನಲವತ್ತೆರಡು.